ರಸ್ತೆಯ ಪಾಲು

ಜನವರಿ 16, ಶುಕ್ರವಾರ

ಇವತ್ತು ಟೆಚಿಮಾನ್ ಸಂತೆಯಲ್ಲಿ ನನಗೆ ಬಹಿಷ್ಕಾರ ಹಾಕಿದರು. ಯಾರೂ ನನ್ನೊಡನೆ ಮಾತಾಡಬಾರದು, ಯೋಗಕ್ಷೇಮ ಕೇಳಬಾರದು, ನಾನು ಕೇಳಿದರೆ ತಿರುಗಿ ಹೇಳಬಾರದು. ವರ್ಷಗಟ್ಟಲೆ ಟೊಮೆಟೊ ಟೊಮೆಟೊ ಎಂದು ಕೂಗಿ ಪಳಗಿದ ಬಾಯಿ ಇದು. ಮುಚ್ಚು ಎಂದ ಕೂಡಲೇ ಮುಚ್ಚಿಕೊಳ್ಳುತ್ತದೆಯೇ? ಕೇಳುವ ಮನುಷ್ಯರಿಲ್ಲದಿದ್ದರೆ ಕಾಗದಕ್ಕೆ ಹೇಳುತ್ತೇನೆ. ಕಾಗದಕ್ಕೆ ಯಾರ ಭಯ?

ನಾನು ಮಾಡಿದ ಅಪರಾಧ ಇಷ್ಟೇ: ಪೆಟ್ಟಿಗೆ ಚಿಕ್ಕದು ಮಾಡಿಸಿದೆ.

ನಮ್ಮ ಸಂತೆಯಲ್ಲಿ ಪೆಟ್ಟಿಗೆ ಎಂದರೆ ಇಬ್ಬರು ಗಂಡಸರು ಏದುಸಿರು ಬಿಡುತ್ತ ಎತ್ತಬೇಕಾದ ಮರದ ಪೆಟ್ಟಿಗೆ. ನಾವು ಹೆಂಗಸರು ಲಾರಿ ಹತ್ತಿ ಉತ್ತರದ ಗಡಿ ದಾಟಿ ಪಕ್ಕದ ದೇಶ ಬುರ್ಕಿನಾದ ಹೊಲಗಳಿಗೆ ಹೋಗುತ್ತೇವೆ. ಅಲ್ಲಿ ರೈತರು ಪೆಟ್ಟಿಗೆ ತುಂಬುತ್ತಾರೆ. ತುಂಬಿದ ಮೇಲೂ ರಾಶಿ ಏರಿಸುತ್ತಾರೆ. ಆ ರಾಶಿಗೆ ‘ತಲೆ’ ಎನ್ನುತ್ತೇವೆ, ಅದು ಪುಕ್ಕಟೆ. ತಲೆಯ ಮೇಲೆ ಹಲಗೆ ಒತ್ತಿ ಮೊಳೆ ಹೊಡೆಯುತ್ತಾರೆ. ಟೆಚಿಮಾನ್ ತಲುಪುವಷ್ಟರಲ್ಲಿ ತಳದ ಹಣ್ಣು ರಸವಾಗಿ ಲಾರಿಯ ಸಂದಿಯಿಂದ ದಾರಿಯುದ್ದಕ್ಕೂ ಸೋರಿ ಹೋಗಿರುತ್ತದೆ. ಅದಕ್ಕೂ ಒಂದು ಹೆಸರಿದೆ, ‘ರಸ್ತೆಯ ಪಾಲು’. ರಸ್ತೆ ನಮ್ಮನ್ನು ಜೋಪಾನವಾಗಿ ತಲುಪಿಸಿದ್ದಕ್ಕೆ ಅದು ತಿನ್ನುವ ಕೂಲಿ. ಅದರ ಬಗ್ಗೆ ಗೊಣಗಿದರೆ ಅಪಶಕುನ. ಅಮ್ಮ ಸಾಯುವ ತನಕ ಗೊಣಗಲಿಲ್ಲ. ನಾನು ಗೊಣಗಿದೆ. ಇಷ್ಟು ವರ್ಷ ಇಷ್ಟು ತಿಂದ ರಸ್ತೆ ತನ್ನ ಒಂದು ಹೊಂಡವನ್ನಾದರೂ ಮುಚ್ಚಿಕೊಂಡಿದೆಯೇ?

ಅದಕ್ಕೆ ಬಡಗಿಗೆ ಹೇಳಿ ಅರ್ಧದಷ್ಟು ಎತ್ತರದ, ಗಾಳಿಯಾಡುವ ಸಂದಿಯಿರುವ ಪೆಟ್ಟಿಗೆ ಮಾಡಿಸಿದೆ. ಹೊಲದಲ್ಲಿ ನಾನೇ ಕೂತು ತುಂಬಿದೆ. ಇವತ್ತು ಬೆಳಿಗ್ಗೆ ಲಾರಿ ಬಂತು. ನಾನಾ ಪೊಕುವಾ ತಮ್ಮ ಪೀಠದಿಂದ ಎದ್ದು ಬಂದರು. ನಾನಾ ಎನ್ನುವುದು ದೊಡ್ಡವರಿಗೆ ಕೊಡುವ ಮರ್ಯಾದೆ, ಇವರು ನಮ್ಮ ಟೊಮೆಟೊ ರಾಣಿ. ಅವರು ತಲೆಯಾಡಿಸದೆ ಈ ಸಂತೆಯಲ್ಲಿ ಒಂದು ಲಾರಿಯೂ ಇಳಿಯುವುದಿಲ್ಲ.

“ಇದೇನೇ ದುಫಿಯೆ, ಕೋಳಿಗೂಡು ತಂದಿದೀಯಾ?”

“ಒಂದು ಸಲ ತೆಗೆದು ನೋಡಿ ನಾನಾ. ಆಮೇಲೆ ಬೈಯಿರಿ.”

“ತೆಗೆಯೋದು ಬೇಡ. ಪೆಟ್ಟಿಗೆ ಅಂದ್ರೆ ಒಂದೇ ಅಳತೆ. ಇವತ್ತು ನೀನು ಅರ್ಧ ಮಾಡ್ತೀಯ, ನಾಳೆ ಇನ್ನೊಬ್ಬಳು ಕಾಲು ಮಾಡ್ತಾಳೆ. ಆಮೇಲೆ ಬೆಲೆ ಕೂಗೋದು ಯಾವುದಕ್ಕೆ, ನಿನ್ನ ಮೂಗಿಗಾ?”

ಹೆಂಗಸರೆಲ್ಲ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. “ಇಷ್ಟು ದಿನ ನಾವು ಮಾರಿದ್ದು ಟೊಮೆಟೊ ಅಲ್ಲ, ರಸ್ತೆ ತಿಂದು ಬಿಟ್ಟ ಎಂಜಲು” ಅಂದೆ. ನಗು ನಿಂತಿತು. ರಸ್ತೆಯನ್ನು ಬೈಯಬಾರದಿತ್ತಂತೆ.

ತೀರ್ಪು ಆಯಿತು. ಎರಡು ಬಾಟಲಿ ಜಿನ್, ಒಂದು ಕುರಿ ತಂದು ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ನನ್ನ ಲಾರಿ ಎಲ್ಲರದೂ ಮುಗಿದ ಮೇಲೆ ಕೊನೆಗೆ, ನನ್ನೊಡನೆ ಮಾತಿಲ್ಲ. ಈಸ್ಟರ್ ಹಬ್ಬದೊಳಗೆ ತರದಿದ್ದರೆ ಸಂತೆಯಲ್ಲಿ ನನ್ನ ಜಾಗ ಬೇರೆಯವರಿಗೆ. ಅದು ನನ್ನ ಜಾಗವೂ ಅಲ್ಲ, ಅಮ್ಮನದು. ನಾನು ನಡೆಯಲು ಕಲಿತದ್ದು ಅಲ್ಲೇ, ಪೆಟ್ಟಿಗೆ ಹಿಡಿದುಕೊಂಡು.

ಕುರಿ ತರುವುದಿಲ್ಲ. ಇದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಜನವರಿ 17, ಶನಿವಾರ

ಯಾರೂ ಮಾತಾಡಲಿಲ್ಲ. ಒಂದು ಮೇಕೆ ಬಂದು ನನ್ನ ಮುಖ ನೋಡಿ ಹೋಯಿತು.

ಜನವರಿ 23, ಶುಕ್ರವಾರ

ಎಲ್ಲರದೂ ಇಳಿಯುವ ತನಕ ಬಿಸಿಲಲ್ಲಿ ಕಾದರೆ ನನ್ನ ಹಣ್ಣು ಬೇಯುತ್ತದೆ. ಅದಕ್ಕೇ ಸಂತೆಗೆ ಹೋಗಲೇ ಇಲ್ಲ. ಕಿಂತಾಂಪೊ ರಸ್ತೆಯಲ್ಲಿ ಲಾರಿ ನಿಲ್ಲುವ ಕಡೆ ಒಂದು ಬೇವಿನ ಮರವಿದೆ, ಅದರ ಕೆಳಗೆ ಅಂಗಡಿ ಹೂಡಿದೆ. ಅಂಗಡಿ ಎಂದರೆ ನಾನು, ಒಂದು ಮಣೆ, ಪೆಟ್ಟಿಗೆಗಳು.

ಎದುರಿಗೇ ಬಿರಾಗೊಳ ಖಾನಾವಳಿ. ನಾನು ಬಿರಾಗೊ ಒಂದೇ ಬಟ್ಟಲಲ್ಲಿ ಫುಫು ಮುದ್ದೆ ಮುರಿದು ತಿಂದು ಬೆಳೆದವರು. ಅವಳು ನನ್ನನ್ನು ನೋಡಿದಳು, ನೋಡದವಳಂತೆ ತಿರುಗಿ ಸಾರು ಕದಡಿದಳು. ಅವಳನ್ನು ಬೈಯಲಾರೆ. ಅವಳ ಸಾರಿಗೆ ಬೇಕಾದ ಒಡೆದ ಟೊಮೆಟೊ ಸಂತೆಯ ಹೆಂಗಸರಿಂದಲೇ ಅಗ್ಗಕ್ಕೆ ಬರಬೇಕು. ನನ್ನೊಡನೆ ಒಂದು ಮಾತಾಡಿದರೂ ಅದು ನಿಲ್ಲುತ್ತದೆ. ಬೈಯಲಾರೆ ಎಂದು ಬರೆದೆ, ಆದರೆ ಬೆಳಗಿನಿಂದ ಸಂಜೆಯವರೆಗೆ ಮನಸ್ಸಿನಲ್ಲಿ ಬೈದೆ.

ರಾಜಧಾನಿ ಅಕ್ರಾದಿಂದ ಬಂದ ವ್ಯಾಪಾರಿಯೊಬ್ಬ ಲಾರಿ ನಿಲ್ಲಿಸಿ ಬಂದು ಕೇಳಿದ. ಎಲ್ಲರೂ ಕೇಳುವುದು ಅದನ್ನೇ. “ತಳ ತೋರ್ಸಮ್ಮ.” ದೊಡ್ಡ ಪೆಟ್ಟಿಗೆಯವರು ತಳ ತೋರಿಸುವುದಿಲ್ಲ, ಬೇರೆ ಮಾತು ತೆಗೆಯುತ್ತಾರೆ. ನಾನು ಪೆಟ್ಟಿಗೆಯನ್ನು ಎತ್ತಿ ಚಾಪೆಯ ಮೇಲೆ ಬುಡಮೇಲು ಸುರಿದೆ. ಅವನು ಬಗ್ಗಿ ಬಗ್ಗಿ ನೋಡಿ, ಇದ್ದದ್ದನ್ನೆಲ್ಲ ಕೊಂಡ. ನನಗೆ ಕೂಗಿ ಹೇಳಬೇಕೆನಿಸಿತು. ಯಾರಿಗೆ ಹೇಳುವುದು? ಮೇಕೆಯೂ ಇರಲಿಲ್ಲ.

ಸಂಜೆ ನನ್ನ ಪೆಟ್ಟಿಗೆ ತರುವ ಲಾರಿಯ ಚಾಲಕ ಅಕೊಲ್ಗೊ ತಕರಾರು ತೆಗೆದ.

“ಅಕ್ಕ, ನಾನು ಉತ್ತರದ ಬೋಲ್ಗಾದವನು, ನಿಮ್ಮ ರಾಣಿ ಮಾತು ನಂಗೆ ಲೆಕ್ಕಕ್ಕಿಲ್ಲ, ನಿಮ್ಮ ಹತ್ರ ಮಾತಾಡ್ತೀನಿ. ಆದ್ರೆ ನಿಮ್ಮ ಪೆಟ್ಟಿಗೆ ನನ್ನ ಹೊಟ್ಟೆ ಮೇಲೆ ಹೊಡೀತಿದೆ.”

“ಯಾಕೋ, ನಿನ್ನ ಹೊಟ್ಟೆ ಮೇಲೆ ಜೋಡ್ಸಿದೀನಾ?”

“ದೊಡ್ಡ ಪೆಟ್ಟಿಗೆಯಾದ್ರೆ ವಾಪಸ್ ಹೋಗ್ತಾ ಒಳಗೆ ಬಾಳೆಗೊನೆ ಇಳಿಸ್ಕೊಂಡು ಹೋಗ್ತಿದ್ದೆ. ಇದರೊಳಗೆ ಬೆಕ್ಕೂ ಮಲಗಲ್ಲ. ಲಾರಿ ತುಂಬ ಖಾಲಿ ಪೆಟ್ಟಿಗೆ ಹೊತ್ಕೊಂಡು ಬೋಲ್ಗಾಕ್ಕೆ ಹೋದ್ರೆ ನಮ್ಮಪ್ಪ ನಗ್ತಾನೆ, ಏನಪ್ಪಾ ಗಾಳಿ ವ್ಯಾಪಾರ ಶುರು ಮಾಡಿದೀಯಾ ಅಂತ.”

ಅವನು ಹೇಳಿದ್ದು ಸರಿ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಖಾಲಿ ಹೋಗಬೇಕೆಂದು ಯಾರು ಹೇಳಿದ್ದು ಅಂದೆ. ಬಾಳೆಗೊನೆ ಹಿಡಿಸದಿದ್ದರೆ ಕಿತ್ತಳೆ ಹಿಡಿಸುತ್ತದೆ. ಚೀಲದಲ್ಲಿ ಹೋಗುವ ಕಿತ್ತಳೆಯನ್ನೂ ರಸ್ತೆ ತಿನ್ನುತ್ತದಲ್ಲ, ಅಲ್ಲೂ ಅದನ್ನು ಒಂದು ದಿನ ಉಪವಾಸ ಕೆಡವೋಣ. ಅಕೊಲ್ಗೊ ತಲೆ ಕೆರೆದುಕೊಂಡ. “ಒಂದು ಸಲ ನೋಡ್ತೀನಿ. ಒಂದೇ ಸಲ” ಅಂದ. ಗಂಡಸರು ಹಾಗೆ ಅಂದರೆ ಒಪ್ಪಿದ್ದಾರೆಂದು ಅರ್ಥ.

ಫೆಬ್ರವರಿ 6, ಶುಕ್ರವಾರ

ಮಾನ ಹೋಯಿತು.

ಈ ಸಲ ನಾನು ಉತ್ತರಕ್ಕೆ ಹೋಗಲಿಲ್ಲ, ಜ್ವರವಿತ್ತು. ಕಿತ್ತಳೆ ತುಂಬಿದ ಪೆಟ್ಟಿಗೆ ಕೊಟ್ಟು ಕಳಿಸಿದೆ, ಅದೇ ಪೆಟ್ಟಿಗೆಯಲ್ಲಿ ಟೊಮೆಟೊ ತುಂಬಿಸಿಕೊಂಡು ಬಾ ಅಂದೆ. ಲಾರಿ ಮರದ ಕೆಳಗೆ ಬಂದು ನಿಂತಾಗಲೇ ವಾಸನೆ ಗೊತ್ತಾಯಿತು. ಹಲಗೆ ಬಾಗಿವೆ, ಮೊಳೆ ಕಿತ್ತು ಬಂದಿವೆ, ಮೇಲಿನ ಸಾಲು ಕೆಳಗಿನ ಸಾಲಿನೊಳಕ್ಕೆ ಕುಸಿದಿದೆ. ಕೆಂಪು ರಸ ಚಕ್ರದ ಮೇಲೆ ತೊಟ್ಟಿಕ್ಕುತ್ತಿದೆ.

“ತಲೆ ಹಾಕಿದ್ರು ಅಕ್ಕ” ಅಂದ ಅಕೊಲ್ಗೊ, ನೆಲ ನೋಡುತ್ತ.

“ಹಾಕ್ಬೇಡಿ ಅಂತ ಹೇಳಲಿಲ್ವಾ ನೀನು?”

“ಹೇಳ್ದೆ. ಸಲಾಮಾತಾ ಇದಾಳಲ್ಲ, ಹೊಲದ ಯಜಮಾನಿ, ಅವಳು ಅತ್ತೇಬಿಟ್ಳು. ದುಫಿಯೆಗೆ ಜ್ವರ, ತಲೆ ಇಲ್ದೆ ಪೆಟ್ಟಿಗೆ ಹೆಂಗೆ ಕಳಿಸ್ಲಿ, ನಾನೇನು ನಾಚಿಕೆ ಬಿಟ್ಟೋಳಾ ಅಂದ್ಳು. ನಿಮಗೆ ಜ್ವರ ಅಂತ ಮಾಮೂಲಿಗಿಂತ ಜಾಸ್ತಿನೇ ಏರಿಸಿದಾಳೆ.”

ಪ್ರೀತಿಯಿಂದ ಕೊಟ್ಟದ್ದು. ಯಾರನ್ನು ಬೈಯಲಿ? ತಲೆಯಿಲ್ಲದ ಪೆಟ್ಟಿಗೆ ಕಳಿಸುವುದೆಂದರೆ ಅಲ್ಲಿ ನೆಂಟರನ್ನು ನೀರೂ ಕೊಡದೆ ಕಳಿಸಿದ ಹಾಗೆ. ನಾನು ಪೆಟ್ಟಿಗೆ ಬದಲಾಯಿಸಿದೆ, ಮರ್ಯಾದೆ ಬದಲಾಯಿಸುವುದನ್ನು ಮರೆತೆ.

ಸುದ್ದಿ ಸಂತೆಗೆ ಹೋಯಿತು. ಹೆಂಗಸರು ಗುಂಪು ಕಟ್ಟಿಕೊಂಡು ಬಂದು ನೋಡಿದರು. ನನ್ನೊಡನೆ ಮಾತಾಡುವಂತಿಲ್ಲವಲ್ಲ, ಲಾರಿಯೊಡನೆ ಮಾತಾಡಿದರು. “ಅಯ್ಯೋ ಲಾರಿ, ನಿನ್ನ ಕೋಳಿಗೂಡೆಲ್ಲ ಮುರಿದು ಬಿದ್ದವಲ್ಲಪ್ಪಾ.” “ರಸ್ತೆ ಬೈದೋರಿಗೆ ರಸ್ತೆ ಬುದ್ಧಿ ಕಲಿಸ್ತು ನೋಡು ಲಾರಿ.” ಬಿರಾಗೊ ಮಾತ್ರ ಬಾಗಿಲಲ್ಲಿ ನಿಂತಿದ್ದಳು, ನಗಲಿಲ್ಲ.

ಫೆಬ್ರವರಿ 8, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಬರೆಯಲೂ ಮನಸ್ಸಿಲ್ಲ. ಅತ್ತೆ. ಅತ್ತದ್ದು ಟೊಮೆಟೊಗಲ್ಲ.

ಫೆಬ್ರವರಿ 13, ಶುಕ್ರವಾರ

ಸಲಾಮಾತಾಳ ಅಂಗಳದಲ್ಲಿ ಕೂತು ಬರೆಯುತ್ತಿದ್ದೇನೆ. ಬಡಗಿಯ ಹತ್ತಿರ ಪೆಟ್ಟಿಗೆಯ ನಾಲ್ಕು ಮೂಲೆಗೂ ಅಂಚಿಗಿಂತ ಎತ್ತರಕ್ಕೆ ಗೂಟ ಹಾಕಿಸಿಕೊಂಡು ಬಂದೆ. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಕೂರುವುದು ಈಗ ಗೂಟದ ಮೇಲೆ, ಹಣ್ಣಿನ ಮೇಲಲ್ಲ. ತಲೆ ಏರಿಸಿದರೆ ಮೇಲಿನ ಪೆಟ್ಟಿಗೆ ಅಲ್ಲಾಡಿ ತಾನೇ ಬೇಡ ಅನ್ನುತ್ತದೆ.

ಸಲಾಮಾತಾ ಮುಖ ಸಪ್ಪೆ ಮಾಡಿಕೊಂಡಳು. “ತಲೆ ಇಲ್ದೆ ಕಳಿಸಿದ್ರೆ ನಮ್ಮೂರೋರು ಏನಂತಾರೆ ಅಕ್ಕ?”

“ತಲೆ ಬೇಡ ಅಂದ್ನಾ? ಪೆಟ್ಟಿಗೆ ಮೇಲೆ ಬೇಡ, ಒಲೆ ಮೇಲಿಡು. ಹಸಿದಿದೀನಿ.”

ಅವಳು ಜೋರಾಗಿ ನಕ್ಕಳು. ತಲೆಗೆಂದು ತೆಗೆದಿಟ್ಟಿದ್ದ ಹಣ್ಣೆಲ್ಲ ಈಗ ಬಾಣಲೆಯಲ್ಲಿ ಕುದಿಯುತ್ತಿವೆ. ಮನೆಯವರು, ಅಕೊಲ್ಗೊ, ನಾನು, ಪಕ್ಕದ ಹೊಲದವರು, ಎಲ್ಲರಿಗೂ ಆಗುವಷ್ಟಿದೆ. ಇವರು ನನ್ನೊಡನೆ ಮಾತಾಡುತ್ತಾರೆ. ಭಾಷೆ ಅರ್ಧವೂ ತಿಳಿಯುವುದಿಲ್ಲ, ಆದರೂ ಎಷ್ಟು ಮಾತಾಡುತ್ತಾರೆ.

ಕಿತ್ತಳೆಯನ್ನು ಗಡಿಯ ಸಂತೆಯಲ್ಲಿ ಮುಗಿಬಿದ್ದು ಕೊಂಡರಂತೆ. ಅಕೊಲ್ಗೊ ಅದನ್ನು ತನ್ನದೇ ಉಪಾಯ ಎನ್ನುವ ಹಾಗೆ ಎಲ್ಲರಿಗೂ ಹೇಳುತ್ತಿದ್ದಾನೆ. ಹೇಳಿಕೊಳ್ಳಲಿ.

ಫೆಬ್ರವರಿ 20, ಶುಕ್ರವಾರ

ಬಿರಾಗೊ ಬೈದಳು. ಎಷ್ಟು ಚೆನ್ನಾಗಿ ಬೈದಳೆಂದರೆ ಬರೆದಿಡಬೇಕು.

ಹೋದ ಲೋಡು ಒಂದು ಹಣ್ಣೂ ಕೆಡದೆ ಬಂದಿತ್ತು. ಇವತ್ತಿನದೂ ಹಾಗೇ. ಅಕ್ರಾ, ಕುಮಾಸಿ ವ್ಯಾಪಾರಿಗಳು ಮರದ ಕೆಳಗೆ ಬಂದು ನಿಂತಿದ್ದರು. ಸಂತೆಯೊಳಗೆ ದೊಡ್ಡ ಪೆಟ್ಟಿಗೆಗೆ ಗಿರಾಕಿ ಕಡಿಮೆಯಾಗಿ, ಹೆಂಗಸರು ಲಾರಿ ಕಡಿಮೆ ತರಿಸುತ್ತಿದ್ದಾರೆಂದು ಕೇಳಿ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಆಗ ಬಿರಾಗೊ ಸೌಟು ಹಿಡಿದುಕೊಂಡೇ ರಸ್ತೆ ದಾಟಿ ಬಂದಳು.

“ಏನೇ, ನಿನ್ನ ಲಾರೀಲಿ ಒಂದಾದ್ರೂ ಒಡೆದ ಹಣ್ಣು ಬರುತ್ತೋ ಇಲ್ವೋ? ಸಂತೇಲೂ ಸಿಕ್ತಿಲ್ಲ, ನಿನ್ನ ಹತ್ರಾನೂ ಇಲ್ಲ. ನನ್ನ ಕಡಾಯಿಗೆ ಏನು ಹಾಕ್ಲಿ, ನಿನ್ನ ಹಟ ಹೆಚ್ಚಿ ಹಾಕ್ಲಾ? ರಸ್ತೆ ಪಾಲು ರಸ್ತೆ ಪಾಲು ಅಂತ ಊರೆಲ್ಲ ಡಂಗುರ ಹೊಡ್ದೆಯಲ್ಲ, ರಸ್ತೆಗೆ ಬಾಯಿದೆಯೇನೇ? ಆ ಪಾಲು ತಿಂದು ಮಕ್ಕಳನ್ನ ಓದಿಸಿದೋಳು ನಾನು.”

ನನ್ನ ಕಣ್ಣಲ್ಲಿ ನೀರು ಬಂತು, ಅವಳ ದನಿ ಕೇಳಿದ ಖುಷಿಗೆ.

“ನನ್ನ ಹತ್ರ ಮಾತಾಡ್ಬಾರದಲ್ಲ ನೀನು” ಅಂದೆ.

“ಇದು ಮಾತಲ್ಲ, ಜಗಳ. ಜಗಳಕ್ಕೆ ಬಹಿಷ್ಕಾರ ಇಲ್ಲ.”

ಹಾಗೆ ಬಹಳ ಹೊತ್ತು ಜಗಳವಾಡಿದೆವು. ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಪೆಟ್ಟಿಗೆ ತೆರೆದ ಕೂಡಲೇ ಅತಿಯಾಗಿ ಮಾಗಿದ ಮೆತ್ತನೆಯ ಹಣ್ಣನ್ನು ಆರಿಸಿ ತೆಗೆಯುವುದು, ಅದು ಅವಳಿಗೆ ಹಳೆಯ ದರಕ್ಕೇ ಎಂದು ಜಗಳದಲ್ಲೇ ತೀರ್ಮಾನವಾಯಿತು. ಸಾರು ಹುಳಿ ವಾಸನೆ ಹೊಡೆಯುವುದು ತಪ್ಪುತ್ತದೆ ಎಂದು ನಾನು ಅಂದಿದ್ದಕ್ಕೆ ಇನ್ನೊಂದು ಸುತ್ತು ಬೈದಳು. ಹೋಗುವಾಗ ಫುಫು ತುಂಬಿದ ಬಟ್ಟಲನ್ನು ನನ್ನ ಮಣೆಯ ಮೇಲೆ ಇಟ್ಟು ಹೋದಳು, ಮರೆತವಳ ಹಾಗೆ.

ಫೆಬ್ರವರಿ 28, ಶನಿವಾರ

ಮೆಣಸಿನಕಾಯಿ ಮಾರುತ್ತಿದ್ದ ಕೊನಾದು ಅಜ್ಜಿಯ ಸಾವಿನ ಕಾರ್ಯ ಇವತ್ತು. ಸಂತೆಗೆ ಸಂತೆಯೇ ಕೆಂಪು ಕಪ್ಪು ಬಟ್ಟೆ ಉಟ್ಟು ಚಪ್ಪರದ ಕೆಳಗೆ ಕೂತಿತ್ತು. ನಾನೂ ಅಮ್ಮನ ಕಪ್ಪು ಬಟ್ಟೆ ಉಟ್ಟು ಹೋದೆ. ಬರಬೇಡ ಎನ್ನಲು ಅವರಿಗೆ ಬಾಯಿಲ್ಲ, ನನ್ನೊಡನೆ ಮಾತಾಡುವಂತಿಲ್ಲವಲ್ಲ.

ಸಾವಿನ ಮನೆಗೆ ಬಂದವರು ಕೂತವರೆಲ್ಲರ ಕೈ ಕುಲುಕಿಕೊಂಡೇ ಹೋಗಿ ಕೂರಬೇಕು. ಸತ್ತವರ ಎದುರು ಕೈ ಹಿಂದಕ್ಕೆ ಎಳೆದುಕೊಂಡರೆ ಆ ಶಾಪ ಯಾರೂ ಹೊರುವುದಿಲ್ಲ. ಬಲಗಡೆಯ ತುದಿಯಿಂದ ಶುರು ಮಾಡಿದೆ. ಒಬ್ಬೊಬ್ಬಳ ಎದುರೂ ನಿಂತೆ. ಕೈ ಚಾಚಿದೆ. ಆತುರ ಮಾಡಲಿಲ್ಲ. ಲಾರಿಯೊಡನೆ ಮಾತಾಡಿದವರ ಕೈಯನ್ನು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಹಿಡಿದೆ. ಕೆಲವರ ಕೈ ಬೆವರಿತ್ತು. ಒಬ್ಬಳು ಯಾರಿಗೂ ಕಾಣದಂತೆ ನನ್ನ ಬೆರಳು ಒತ್ತಿದಳು.

ನಾನಾ ಪೊಕುವಾ ಮಧ್ಯದಲ್ಲಿ ಕೂತಿದ್ದರು. ಕೈ ಹಿಡಿದವರು ಬಿಡಲೇ ಇಲ್ಲ. “ಕೂತ್ಕೋ” ಅಂದರು. ಪಕ್ಕದವಳು ಎದ್ದು ಜಾಗ ಕೊಟ್ಟಳು.

“ದೊಡ್ಡ ಪೆಟ್ಟಿಗೆ ಈ ಸಂತೆಗೆ ತಂದೋರು ಯಾರು ಗೊತ್ತಾ?”

“ಹಿಂದಿಂದ ಬಂದಿದ್ದಲ್ವಾ?”

“ಹಿಂದಿಂದ ಬಂದಿದ್ದು ಬೆತ್ತದ ಬುಟ್ಟಿ. ಸೋಪಿನ ಪೆಟ್ಟಿಗೆ ಹಲಗೆ ಬಿಚ್ಚಿ ಮೊಳೆ ಹೊಡೆದೋಳು ನಾನು. ನಿಮ್ಮಮ್ಮನೇ ನಗಾಡಿದ್ಳು, ಹೆಣದ ಪೆಟ್ಟಿಗೆ ಅಂತ. ಆಗಿನ ಮುದುಕೀರು ನನ್ನ ಹೊರಗಿಟ್ರು. ನಾನು ಕುರಿ ತಂದೆ. ಮುಂದಿನ ವರ್ಷ ಎಲ್ಲರ ಹತ್ರಾನೂ ಪೆಟ್ಟಿಗೆ.”

“ಅಂದ್ರೆ ತಪ್ಪು ಅವರದ್ದು. ಕುರಿ ನೀವ್ಯಾಕೆ ತಂದ್ರಿ?”

“ಸೋತೋರಿಗೂ ಒಂದು ಊಟ ಬೇಕು ಕಣೇ. ಕುರಿ ಸಾರು ಕುಡಿದು ಕ್ಷಮಿಸಿದೀವಿ ಅಂದ್ಕೊಂಡ್ರೆ ಅವರ ಮುಖ ಉಳಿಯುತ್ತೆ. ನೀನೂ ತಾ. ಈಸ್ಟರ್ ದೂರ ಇಲ್ಲ.”

“ಕುರಿ ಮಾಡಿದ ತಪ್ಪೇನು ನಾನಾ?”

ಸ್ವಲ್ಪ ಜೋರಾಗಿಯೇ ಹೇಳಿದೆನೇನೋ. ಹಿಂದಿನ ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅಳುತ್ತಿದ್ದಾರೆಂದು ಉಳಿದವರು ಸಮಾಧಾನ ಮಾಡಿದರು.

ಅಟ್ಟ ಹತ್ತಿದ ಮೇಲೆ ಏಣಿ ಒದೆಯುವವರು. ತಾವೇ ಹೊರಗೆ ಕೂತು ಬಂದವರು ಇನ್ನೊಬ್ಬಳನ್ನು ಹೊರಗೆ ಕೂರಿಸಲು ಹೇಗೆ ಮನಸ್ಸು ಬರುತ್ತದೆ? ಪ್ರಾಣ ಹೋದರೂ ನನ್ನಿಂದಾಗದು.

ಮಾರ್ಚ್ 6, ಶುಕ್ರವಾರ

ನಮ್ಮ ದೇಶದ ಸ್ವಾತಂತ್ರ್ಯದ ದಿನ. ಶಾಲೆಯ ಮಕ್ಕಳು ಬಾಜಾ ಹೊಡೆದುಕೊಂಡು ಕಿಂತಾಂಪೊ ರಸ್ತೆಯಲ್ಲಿ ಹೋದರು. ಹಿಂದೆಯೇ ಅಕೊಲ್ಗೊನ ಲಾರಿ ಬಂತು. ಲಾರಿಗಳ ಹಿಂದೆ ಎಲ್ಲರೂ ದೇವರ ಹೆಸರು, ಹಿರಿಯರ ಮಾತು ಬರೆಸುತ್ತಾರೆ. 'ದೇವರ ಸಮಯವೇ ಸರಿ' ಎಂದಿದ್ದುದನ್ನು ಇವನು ಅಳಿಸಿ ಹಳದಿ ಬಣ್ಣದಲ್ಲಿ ದಪ್ಪಗೆ ಬರೆಸಿಕೊಂಡು ಬಂದಿದ್ದಾನೆ: ಕುರಿ ಮಾಡಿದ ತಪ್ಪೇನು?

“ಯಾರೋ ಹೇಳಿದ್ದು ನಿಂಗೆ?”

“ಬೋಲ್ಗಾ ತನಕ ಹೋಗಿದೆ ಅಕ್ಕ ಮಾತು. ಪೊಲೀಸೋರು ಕೂಡ ಗಾಡಿ ನಿಲ್ಲಿಸಿ ನಕ್ಕು ಬಿಟ್ಟು ಕಳಿಸ್ತಾರೆ.”

ಇವತ್ತು ಮೂವರು ಹೆಂಗಸರು ಚಿಕ್ಕ ಪೆಟ್ಟಿಗೆಯ ಲಾರಿ ತಂದು ಮರದ ಕೆಳಗೆ ನಿಲ್ಲಿಸಿದರು. ಮೊದಲು ಯಾರು ಇಳಿಸಬೇಕೆಂದು ಕಿತ್ತಾಡಿದರು. ಬಿಸಿಲು ಬೀಳುವ ಲಾರಿ ಮೊದಲು, ನೆರಳಲ್ಲಿರುವುದು ಆಮೇಲೆ ಎಂದೆ. ಸುಮ್ಮನಾದರು. ಹಮಾಲಿಯೊಬ್ಬ “ಸರಿ ನಾನಾ” ಅಂದ. ನಾನು ಯಾರ ನಾನಾನೂ ಅಲ್ಲ, ಇನ್ನೊಮ್ಮೆ ಹಾಗಂದರೆ ಪೆಟ್ಟಿಗೆಯಲ್ಲಿ ಹಾಕಿ ಮೊಳೆ ಹೊಡೆಯುತ್ತೇನೆ ಎಂದೆ.

ಮಾರ್ಚ್ 20, ಶುಕ್ರವಾರ

ಹತ್ತಾರು ಲಾರಿ. ಗಂಟಲು ಕಟ್ಟಿದೆ, ಕೂಗಿ ಕೂಗಿ. ಬರೆಯಲು ಪುರುಸೊತ್ತಿಲ್ಲ.

ಏಪ್ರಿಲ್ 6, ಸೋಮವಾರ

ಈಸ್ಟರ್ ಮುಗಿಯಿತು. ಕುರಿ ಕೊಡಲಿಲ್ಲ.

ಬೆಳಿಗ್ಗೆ ಸಂತೆಗೆ ಹೋಗಿ ನೋಡಿದೆ. ಹೋಗಬಾರದಿತ್ತು. ಅಮ್ಮನ ಜಾಗದಲ್ಲಿ ನಾನಾ ಪೊಕುವಾರ ತಂಗಿಯ ಮಗಳು ಕೂತಿದ್ದಾಳೆ. ಅವಳ ಪಕ್ಕದಲ್ಲಿ ಪೆಟ್ಟಿಗೆ ಜೋಡಿಸಿದೆ. ಚಿಕ್ಕ ಪೆಟ್ಟಿಗೆ. ಮೂಲೆಗೆ ಗೂಟ ಎತ್ತರಿಸಿದ್ದು. ಹಬ್ಬದ ಹಿಂದಿನ ದಿನ ನಾನಾ ಹೊಸ ನಿಯಮ ಸಾರಿದರಂತೆ: ಇನ್ನು ಮುಂದೆ ಈ ಅಳತೆಯ ಪೆಟ್ಟಿಗೆಗೂ ಬೆಲೆ ಕೂಗಬಹುದು.

ನನ್ನ ಪೆಟ್ಟಿಗೆ ನನ್ನಮ್ಮನ ಜಾಗದಲ್ಲಿ ಕೂತಿದೆ. ನಾನಿಲ್ಲ.

ನಾನಾ ಪೀಠದಿಂದಲೇ ನನ್ನನ್ನು ನೋಡಿದರು. ನಾನೂ ನೋಡಿದೆ. ಒಂದು ಕುರಿಯಲ್ಲಿ ಮುಗಿಯುತ್ತಿತ್ತಲ್ಲ ಎಂದು ಅವರ ಮುಖದಲ್ಲಿತ್ತು. ಮುಗಿಯುತ್ತಿತ್ತು, ನಿಜ. ಆದರೆ ಪ್ರತಿ ಶುಕ್ರವಾರ ಅಲ್ಲಿ ಕೂತಾಗ, ತಪ್ಪು ಮಾಡದೆ ತಪ್ಪಾಯಿತು ಎಂದವಳು ಇವಳು ಎಂದು ಅಮ್ಮನ ಜಾಗ ನನ್ನನ್ನು ಕುಟುಕುತ್ತಿತ್ತು.

ಮನೆಗೆ ಬರುವ ದಾರಿಯಲ್ಲಿ ಬಿರಾಗೊ ಜೊತೆಗೆ ನಡೆದಳು. ಅವಳು ಜಗಳವನ್ನೂ ಆಡಲಿಲ್ಲ.

ಏಪ್ರಿಲ್ 10, ಶುಕ್ರವಾರ

ಮರದ ಕೆಳಗೆ ಶಿಸ್ತು ಬೇಕು. ಶಿಸ್ತಿಲ್ಲದಿದ್ದರೆ ಸಂತೆಗೂ ನಮಗೂ ಏನು ವ್ಯತ್ಯಾಸ? ಅಳತೆಯ ಕೋಲು ಮಾಡಿಸಿ ಮರಕ್ಕೆ ತಗುಲಿಹಾಕಿದ್ದೇನೆ. ಹಣ್ಣು ಕೆಂಪಾಗಿರಬೇಕು, ಪೆಟ್ಟಿಗೆ ಅಳತೆಗೆ ಸರಿಯಾಗಿರಬೇಕು, ನಾನು ಹೇಳಿದ ಸಾಲಿನಲ್ಲಿ ಇಳಿಯಬೇಕು. ಎಲ್ಲರೂ ಒಪ್ಪಿದ್ದಾರೆ. ಹಮಾಲಿಗಳು ನಾನಾ ಎನ್ನುವುದನ್ನು ಬಿಡಿಸಲಾಗಲಿಲ್ಲ, ಎಷ್ಟೆಂದು ಬೈಯುವುದು?

ಇವತ್ತು ತಿವಾ ಎಂಬವಳೊಬ್ಬಳು ಬಂದಳು. ಹೊಸಬಳು, ಮುಖದಲ್ಲಿ ಸೊಕ್ಕು. ಪೆಟ್ಟಿಗೆ ಅಳತೆಗೆ ಸರಿಯಾಗಿತ್ತು, ಆದರೆ ಸಂದಿಯಿಂದ ನೋಡಿದರೆ ಒಳಗೆಲ್ಲ ದೋರೆಗಾಯಿ. ಮೂತಿ ಮಾತ್ರ ಕೆಂಪು, ಉಳಿದದ್ದು ಹಸಿರು. ಟೆಚಿಮಾನಿಗೆ ಕೆಂಪಲ್ಲದ ಟೊಮೆಟೊ ತರುವವರನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

“ಏನಮ್ಮಾ ಇದು, ಹಸುವಿಗೆ ಹಾಕೋಕಾ?”

“ಬೇಕಂತಲೇ ಹೀಗೆ ಕೀಳಿಸಿದ್ದು. ಹಣ್ಣಾಗೋದು ದಾರೀಲಿ, ಅಂಗಡೀಲಿ ಆಗ್ಲಿ. ನಾಲ್ಕು ದಿನ ಬಿಟ್ಟು ತೆಗೆದು ನೋಡಿ ನಾನಾ.”

“ತೆಗೆಯೋದು ಬೇಡ. ಹಣ್ಣು ಅಂದ್ರೆ ಹಣ್ಣು. ನೀನಿವತ್ತು ಕಾಯಿ ತರ್ತೀಯ, ನಾಳೆ ಇನ್ನೊಬ್ಬಳು ಹೂವು ತರ್ತಾಳೆ. ಈ ಮರದ ಹೆಸರು ಕೆಡುತ್ತೆ.”

ಅವಳು ಜಗ್ಗಲಿಲ್ಲ. ನೀವು ಹೆದರಿದ್ದೀರಿ ಅಂದಳು. ನಾನು, ಹೆದರುವುದೇ! ಎಲ್ಲರೂ ನೋಡುತ್ತಿದ್ದರು. ಇಂಥದ್ದನ್ನು ಚಿಗುರಿನಲ್ಲೇ ಚಿವುಟದಿದ್ದರೆ ನಾಳೆ ಯಾರೂ ಮಾತು ಕೇಳುವುದಿಲ್ಲ. ಅದಕ್ಕೆ ಹೇಳಿದೆ: ನಿನ್ನ ಲಾರಿ ಕೊನೆಗೆ. ದೊಡ್ಡವರಿಗೆ ಎದುರು ಮಾತಾಡಿದ್ದಕ್ಕೆ ಎರಡು ಬಾಟಲಿ ಜಿನ್, ಒಂದು ಕುರಿ.

ತಿವಾ ಕೈ ಎತ್ತಿ ನನ್ನ ಹಿಂದಕ್ಕೆ ಬೆರಳು ತೋರಿಸಿದಳು. ತಿರುಗಿದೆ. ಅಕೊಲ್ಗೊನ ಲಾರಿ ಬೆನ್ನು ತೋರಿಸಿಕೊಂಡು ನಿಂತಿತ್ತು, ಹಳದಿ ಅಕ್ಷರ ಬಿಸಿಲಿಗೆ ಹೊಳೆಯುತ್ತಿತ್ತು.

ಬಿರಾಗೊ ನಕ್ಕಳು. ಸೌಟು ಕೈಯಿಂದ ಬಿತ್ತು, ಎತ್ತಿಕೊಳ್ಳಲೂ ಆಗದ ಹಾಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ” ಅಂದಳು. ನಗುವಂಥದ್ದು ಏನಿತ್ತೋ. ಹಮಾಲಿಗಳೂ ನಕ್ಕರು. ಅಕೊಲ್ಗೊನಿಗೆ ಆ ಬರಹ ಅಳಿಸು ಎಂದೆ. ಬಣ್ಣ ದುಬಾರಿ ಅಕ್ಕ ಅಂದ.

ತಿವಾ ಲಾರಿ ಹತ್ತಿ ಹೋದಳು. ಒಂದು ಪೆಟ್ಟಿಗೆಯನ್ನು ನನ್ನ ಮಣೆಯ ಪಕ್ಕ ಇಳಿಸಿಯೇ ಹೋದಳು. ತೆಗೆದು ಎಸೆಯಿರಿ ಎಂದೆ. ಯಾರೂ ಎಸೆಯಲಿಲ್ಲ, ನಾನೂ ಎಸೆಯಲಿಲ್ಲ.

ಏಪ್ರಿಲ್ 12, ಭಾನುವಾರ

ಚರ್ಚಿನಿಂದ ಬರುತ್ತ ಮರದ ಹತ್ತಿರ ಹೋಗಿದ್ದೆ, ಕೊಡೆ ಮರೆತಿದ್ದೆ. ಪೆಟ್ಟಿಗೆಯ ಸಂದಿಯಲ್ಲಿ ನೋಡಿದೆ. ಕೆಂಪು ಹತ್ತುತ್ತಿದೆ. ಕೊಡೆ ಮನೆಯಲ್ಲೇ ಇತ್ತು.

ಏಪ್ರಿಲ್ 14, ಮಂಗಳವಾರ

ಮೊಳೆ ಕಿತ್ತವಳು ನಾನೇ. ಬಿರಾಗೊ ಬಂದು ಪಕ್ಕದಲ್ಲಿ ನಿಂತಳು. ಚಾಪೆ ಹಾಸಿ ಪೆಟ್ಟಿಗೆಯನ್ನು ಬುಡಮೇಲು ಮಾಡಿದೆ. ಅಷ್ಟೂ ಕೆಂಪಾಗಿದ್ದವು, ಅಷ್ಟೂ ಗಟ್ಟಿ. ತಳದಿಂದ ಬಂದದ್ದು ಯಾವುದು, ಮೇಲಿನದು ಯಾವುದು ಎಂದು ನಾನೂ ಹೇಳಲಾರೆ. ನನ್ನ ಪೆಟ್ಟಿಗೆಯಲ್ಲಾದರೆ ಇಷ್ಟು ದಿನಕ್ಕೆ ಅರ್ಧ ಬಿರಾಗೊಳ ಕಡಾಯಿಗೆ ಹೋಗಿರುತ್ತಿತ್ತು. ರಸ್ತೆಗೆ ಒಂದೂ ದಕ್ಕಿಲ್ಲ. ಹಾಳಾದವಳು.

“ನನ್ನ ಕಡಾಯಿಗೆ ಮತ್ತೆ ಮಣ್ಣು” ಅಂದಳು ಬಿರಾಗೊ. ಆದರೂ ಒಂದನ್ನು ಎತ್ತಿ ಸೆರಗಿಗೆ ಒರೆಸಿ ಕಚ್ಚಿದಳು.

ಮಧ್ಯಾಹ್ನ ತಿವಾಳನ್ನು ಕರೆಸಿದೆ. ಬಂದು ದೂರದಲ್ಲೇ ನಿಂತಳು, ಮುಖದಲ್ಲಿ ಅದೇ ಸೊಕ್ಕು. ಈ ಸೊಕ್ಕನ್ನು ನಾನು ಎಲ್ಲೋ ನೋಡಿದ್ದೇನೆ, ಎಲ್ಲೆಂದು ನೆನಪಾಗುತ್ತಿಲ್ಲ.

“ಬಿಸಿಲಲ್ಲಿ ಯಾಕೆ ನಿಂತಿದೀಯ, ಈಚೆ ಬಾ” ಅಂದೆ. “ಶುಕ್ರವಾರ ನಿನ್ನ ಲಾರಿ ಮೊದಲು ಇಳೀಲಿ.”

ಅವಳು ನಂಬಲಿಲ್ಲ. ಹುಬ್ಬು ಗಂಟು ಹಾಕಿಕೊಂಡು ಕೇಳಿದಳು, “ಮತ್ತೆ ಕುರಿ?”

“ಯಾವ ಕುರಿ?” ಅಂದೆ.